ಎಲುಬಿನ ಗಡ್ಡೆಗಳು ಮತ್ತು ಕೈಕಾಲು ಉಳಿಸುವ ಶಸ್ತ್ರಚಿಕಿತ್ಸೆ

ಕ್ಯಾನ್ಸರ್ ಎಂದೊಡನೆ ನಮ್ಮ ಜನರ ನೆನಪಿಗೆ ಬರುವುದು ಬಾಯಿ, ಗಂಟಲು, ಸ್ತನ, ಗರ್ಭಕೋಶ. ಎಲುಬಿನಲ್ಲಿಯೂ ಅದು ಹುಟ್ಟಬಹುದೆಂದು ಕೇಳಿದವರು ಕಡಿಮೆ. ಅದಕ್ಕೆ ಕಾರಣವೂ ಉಂಟು. ದೇಹದ ಬೇರೆ ಭಾಗದಿಂದ ಹಬ್ಬಿ ಬಾರದೆ ಎಲುಬಿನಲ್ಲಿಯೇ ಮೊದಲಾಗಿ ಹುಟ್ಟುವ ಕ್ಯಾನ್ಸರು ಎಲ್ಲ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಬಡಾವಣೆಯ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಒಂದೆರಡು ರೋಗಿಗಳನ್ನು ಕಂಡರೆ ಹೆಚ್ಚು. ಕಂಡರಿಯದ ರೋಗವನ್ನು ಶಂಕಿಸುವುದು ಕಷ್ಟ. ಹೀಗಾಗಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಇವುಗಳಲ್ಲಿ ಮುಖ್ಯವಾದುದು ಆಸ್ಟಿಯೋಸಾರ್ಕೋಮಾ. ಇದು ಹೆಚ್ಚಾಗಿ ಬರುವುದು ಹತ್ತರಿಂದ ಇಪ್ಪತ್ತು ವರ್ಷದೊಳಗಿನ ಮಕ್ಕಳಿಗೆ ಮತ್ತು ತರುಣರಿಗೆ. ಎಲುಬು ಎಲ್ಲಿ ವೇಗವಾಗಿ ಬೆಳೆಯುತ್ತದೆಯೋ ಅಲ್ಲಿಯೇ, ಅಂದರೆ ತೊಡೆಯೆಲುಬಿನ ಕೆಳತುದಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲ್ತುದಿ, ತೋಳಿನ ಎಲುಬಿನ ಮೇಲ್ತುದಿ, ಇಂಥ ಕಡೆಗಳಲ್ಲಿ ಇದು ತಲೆಯೆತ್ತುತ್ತದೆ. ಹುಡುಗನು ಮೈದಾನದಲ್ಲಿ ಕ್ರಿಕೆಟ್ ಆಡುವಾಗ ಬೀಳುತ್ತಾನೆ. ಅಂದಿನಿಂದ ಮೊಣಕಾಲು ನೋಯುತ್ತದೆ. ಪೆಟ್ಟಿನಿಂದಲೇ ನೋವು ಬಂದಿತೆಂದು ಮನೆಯವರು ನಂಬುವುದು ಸಹಜ. ವಾಸ್ತವವಾಗಿ ಪೆಟ್ಟು ಗಡ್ಡೆಯನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದ ಗಡ್ಡೆಯ ಕಡೆಗೆ ಗಮನ ಸೆಳೆಯುತ್ತದೆ, ಅಷ್ಟೆ. ಆಮೇಲೆ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ರಜೆಯಲ್ಲಿ ಊರಿಗೆ ಹೋದಾಗ ನಾಟಿ ವೈದ್ಯರಿಂದ ಕಟ್ಟು ಹಾಕಿಸುವುದು ನಡೆಯುತ್ತದೆ. ನಾಟಿ ವೈದ್ಯರ ಕೈಗುಣವನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಮುರಿದ ಎಲುಬನ್ನು ಅವರು ಕೂಡಿಸಿರಬಹುದು. ಆದರೆ ಗಡ್ಡೆಯಿರುವ ಕಾಲನ್ನು ತಿಕ್ಕಿ ನೀವುವುದು ಅಪಾಯಕರ. ಎಲುಬು ಒಳಗೇ ಟೊಳ್ಳಾಗಿದ್ದರೆ ಮುರಿದೀತು. ಮುರಿದ ಕಡೆ ರಕ್ತ ಸೋರಿ, ಅದರೊಡನೆ ರೋಗದ ಜೀವಕೋಶಗಳು ಸುತ್ತಲಿನ ಮಾಂಸಖಂಡಗಳಿಗೆ ಹರಡುತ್ತವೆ.

ಪೆಟ್ಟಿನ ನೋವು ದಿನಗಳೆದಂತೆ ಇಳಿಯುತ್ತದೆ. ಗಡ್ಡೆಯ ನೋವು ಏರುತ್ತದೆ. ವಿಶ್ರಾಂತಿಯಲ್ಲಿಯೂ ಕಾಡುತ್ತದೆ, ರಾತ್ರಿ ಮಗುವನ್ನು ನಿದ್ರೆಯಿಂದ ಎಬ್ಬಿಸುತ್ತದೆ. ಎರಡು ಮೂರು ವಾರಗಳಲ್ಲಿ ಕಡಿಮೆಯಾಗದ ಇಂಥ ನೋವಿಗೆ, ಅದರಲ್ಲೂ ಊತ ಕಾಣಿಸಿಕೊಂಡಿದ್ದರೆ, ಕ್ಷ-ಕಿರಣದ ಚಿತ್ರ ತೆಗೆಸಲೇಬೇಕು. ಸಾಮಾನ್ಯ ಎಕ್ಸ್‌ರೇ ಇಂದಿಗೂ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಪರೀಕ್ಷೆ. ಎಲುಬಿನ ಮೇಲುಪೊರೆ ಎದ್ದು ತ್ರಿಕೋನಾಕಾರವಾಗಿ ಕಾಣುವುದು, ಹೊಸ ಎಲುಬು ಸೂರ್ಯಕಿರಣಗಳಂತೆ ಹೊರಚಾಚುವುದು, ಇವು ಅನುಭವಿಯ ಕಣ್ಣಿಗೆ ತಪ್ಪುವುದಿಲ್ಲ.

ಮುಂಬಯಿಯಂಥ ನಗರದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕ್ಷಯರೋಗ ಹೆಚ್ಚು. ಅದು ಎಲುಬು ಮತ್ತು ಕೀಲುಗಳಿಗೂ ತಗಲುತ್ತದೆ. ಮೊಣಕಾಲು ಊದಿದ ಮಗುವಿಗೆ ಕ್ಷಯವೆಂದು ಊಹಿಸಿ, ಜೀವಕೋಶ ಪರೀಕ್ಷೆಯಿಲ್ಲದೆ ಔಷಧಿ ಆರಂಭಿಸಿದರೆ, ಗಡ್ಡೆಗೆ ಬೆಳೆಯಲು ಬೇಕಾದಷ್ಟು ಅವಕಾಶ ಸಿಗುತ್ತದೆ. ಅಮೆರಿಕೆಯ ಜೇಮ್ಸ್ ಯೂಯಿಂಗ್ ೧೯೨೧ರಲ್ಲಿ ವರ್ಣಿಸಿದ, ಅವರ ಹೆಸರನ್ನೇ ಹೊತ್ತ ಇನ್ನೊಂದು ಗಡ್ಡೆಯಂತೂ ಜ್ವರ, ಬಿಸಿ, ಕೆಂಪು ಊತಗಳೊಡನೆ ಬಂದು ಕೀವಿನ ಸೋಂಕಿನ ವೇಷವನ್ನೇ ತೊಟ್ಟಿರುತ್ತದೆ.

ಆದರೆ ಎಲುಬಿನ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲವೆಂಬುದನ್ನೂ ಹೇಳಬೇಕು. ಮಕ್ಕಳಲ್ಲಿ ಮೊಣಕಾಲಿನ ಬಳಿ ಕೈಗೆ ಸಿಗುವ ಗಟ್ಟಿ ಉಬ್ಬು ಬಹುಮಟ್ಟಿಗೆ ನಿರಪಾಯದ್ದು. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಕಡಲೆಕಾಳಿನಷ್ಟರ ಗಡ್ಡೆ ರಾತ್ರಿಯೆಲ್ಲ ಹಿಂಸೆ ಕೊಟ್ಟು, ಒಂದು ಆಸ್ಪಿರಿನ್ ಗುಳಿಗೆಗೆ ಶಾಂತವಾಗುವುದು ವೈದ್ಯಶಾಸ್ತ್ರದ ಸ್ವಾರಸ್ಯಗಳಲ್ಲೊಂದು. ಈಗ ಅದನ್ನು ಸಿ.ಟಿ. ಚಿತ್ರದ ನೆರವಿನಿಂದ ಸೂಜಿ ತೂರಿಸಿ, ಶಾಖದಿಂದ ಸುಟ್ಟುಬಿಡುತ್ತಾರೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಕೀಲಿನ ಅಂಚಿಗೆ ಬರುವ ದೈತ್ಯಕೋಶ ಗಡ್ಡೆಯೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೆ ಎಲುಬನ್ನು ತಿಂದುಹಾಕುತ್ತದೆ, ಕೆರೆದು ತೆಗೆದರೂ ಮರುಕಳಿಸುವ ಸ್ವಭಾವದ್ದು. ಚೆನ್ನಾಗಿ ಕೆರೆದು, ಪೊಳ್ಳಾದ ಭಾಗಕ್ಕೆ ಎಲುಬಿನ ಸಿಮೆಂಟು ತುಂಬುವುದು ರೂಢಿ.

ಯಾವ ಗಡ್ಡೆ ಎಂದು ನಿರ್ಧರಿಸುವುದು ಬಯಾಪ್ಸಿಯಿಂದ, ಅಂದರೆ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುವುದರಿಂದ. ಈ ವಿಷಯವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾಲು ಉಳಿಯುವುದೂ ಹೋಗುವುದೂ ಬಹಳಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ. ಚೂರು ತೆಗೆದ ದಾರಿಯುದ್ದಕ್ಕೂ ರೋಗದ ಜೀವಕೋಶಗಳು ಉಳಿದಿರುತ್ತವೆ. ಮುಂದೆ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕು. ಆದ್ದರಿಂದ ಕೊಯ್ತ ಕಾಲಿನ ಉದ್ದಕ್ಕೆ ಇರಬೇಕು, ಅಡ್ಡಲಾಗಿ ಇರಕೂಡದು. ಮುಖ್ಯ ರಕ್ತನಾಳ, ನರಗಳಿಂದ ದೂರವಿರಬೇಕು. ದಪ್ಪ ಸೂಜಿಯಿಂದ ತೆಗೆದರೆ ಇನ್ನೂ ಒಳ್ಳೆಯದು. ಎಂ.ಆರ್.ಐ. ಚಿತ್ರ ಬಯಾಪ್ಸಿಗೆ ಮುಂಚೆಯೇ ಆಗಬೇಕು. ೧೯೮೨ರಲ್ಲಿ ಅಮೆರಿಕೆಯ ಮ್ಯಾಂಕಿನ್ ಮತ್ತು ಸಂಗಡಿಗರು ೩೨೯ ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ಬಯಾಪ್ಸಿಯ ತೊಡಕುಗಳಿಂದಾಗಿ ನೂರಕ್ಕೆ ನಾಲ್ಕೂವರೆ ಮಂದಿ ಕತ್ತರಿಸಬೇಕಿಲ್ಲದ ಅಂಗವನ್ನು ಕಳೆದುಕೊಂಡರೆಂದು ತೋರಿಸಿದರು. ಮುಂದಿನ ಶಸ್ತ್ರಚಿಕಿತ್ಸೆಯನ್ನು ಮಾಡುವ ತಜ್ಞರೇ ಬಯಾಪ್ಸಿಯನ್ನೂ ಮಾಡಬೇಕು ಅಥವಾ ಅದರ ಜಾಗವನ್ನು ಗೊತ್ತುಪಡಿಸಬೇಕು ಎಂಬ ನಿಯಮ ಈ ಅನುಭವದಿಂದ ಬಂದುದು. "ಇಲ್ಲಿಯೇ ತುಂಡು ತೆಗೆದು ನೋಡೋಣ" ಎಂದು ಯಾರಾದರೂ ಹೇಳಿದರೆ, "ಗಡ್ಡೆಯ ಆಪರೇಷನ್ನನ್ನೂ ತಾವೇ ಮಾಡುವಿರಾ?" ಎಂದು ವಿನಯದಿಂದ ಕೇಳುವ ಹಕ್ಕು ರೋಗಿಯ ತಂದೆತಾಯಿಗಳಿಗಿದೆ.

೧೯೭೦ರ ದಶಕಕ್ಕೆ ಮುಂಚೆ ಆಸ್ಟಿಯೋಸಾರ್ಕೋಮಾ ಎಂದರೆ ಕಾಲನ್ನು ಕತ್ತರಿಸುವುದೊಂದೇ ಉಪಾಯ. ಕತ್ತರಿಸಿದರೂ ಐವರಲ್ಲಿ ಸುಮಾರು ನಾಲ್ವರು ಶ್ವಾಸಕೋಶಕ್ಕೆ ರೋಗ ಹಬ್ಬಿ ತೀರಿಕೊಳ್ಳುತ್ತಿದ್ದರು. ಕಣ್ಣಿಗೆ ಕಾಣದ ಕಣಗಳು ಮೊದಲೇ ಅಲ್ಲಿಗೆ ಹೋಗಿರುತ್ತಿದ್ದವು. ಕೀಮೋಥೆರಪಿಯ ಔಷಧಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಬೇರೆಡೆಗೆ ಹಬ್ಬದಿರುವಾಗ ಚಿಕಿತ್ಸೆ ಸರಿಯಾಗಿ ಮುಗಿಸಿದವರಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಮಂದಿ ಈಗ ಐದು ವರ್ಷ ದಾಟುತ್ತಾರೆ. ಮೊದಲು ಎರಡು ಮೂರು ತಿಂಗಳು ಔಷಧಿ, ಅನಂತರ ಶಸ್ತ್ರಚಿಕಿತ್ಸೆ, ಮತ್ತೆ ಔಷಧಿ, ಇದೇ ಕ್ರಮ. ತೆಗೆದ ಗಡ್ಡೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ಸತ್ತಿದ್ದರೆ ಔಷಧಿ ಚೆನ್ನಾಗಿ ನಾಟಿದೆ ಎಂದರ್ಥ.

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ೧೯೪೧ರ ಫೆಬ್ರವರಿ ೨೮ರಂದು ಆರಂಭವಾಯಿತು. ೧೯೬೨ರಿಂದ ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಎಲುಬಿನ ಗಡ್ಡೆಗಳಿಗೆಂದೇ ಇಲ್ಲಿ ಪ್ರತ್ಯೇಕ ತಜ್ಞರ ತಂಡವಿದೆ. ರೋಗಗ್ರಸ್ತ ಎಲುಬಿನ ತುಂಡನ್ನು ಸುತ್ತಲಿನ ಆರೋಗ್ಯಕರ ಮಾಂಸದ ಹೊದಿಕೆಯೊಡನೆ ಇಡಿಯಾಗಿ ತೆಗೆದು, ಆ ಜಾಗದಲ್ಲಿ ಲೋಹದ ಎಲುಬು ಮತ್ತು ಕೀಲನ್ನು ಕೂಡಿಸುತ್ತಾರೆ. ವಿದೇಶದ ಲೋಹದ ಕೀಲುಗಳ ಬೆಲೆ ಸಾಮಾನ್ಯ ಸಂಸಾರದ ಕೈಗೆ ನಿಲುಕುವುದಲ್ಲ. ಆದ್ದರಿಂದ ಈ ಆಸ್ಪತ್ರೆಯವರು ದೇಶದಲ್ಲಿಯೇ ಕಡಿಮೆ ವೆಚ್ಚದ ಕೀಲನ್ನು ರೂಪಿಸಿದರು. ಇನ್ನೊಂದು ವಿಧಾನದಲ್ಲಿ, ತೆಗೆದ ಎಲುಬನ್ನೇ ಗಡ್ಡೆಯಿಂದ ಬಿಡಿಸಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ವಿಕಿರಣಕ್ಕೆ ಒಡ್ಡಿ, ರೋಗಕಣಗಳನ್ನೆಲ್ಲ ಕೊಂದು, ಪುನಃ ಅದೇ ಜಾಗದಲ್ಲಿ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ತನ್ನದೇ ಎಲುಬಾದ್ದರಿಂದ ಅಳತೆ ಸರಿಹೊಂದುತ್ತದೆ, ಖರ್ಚೂ ಕಡಿಮೆ.

ಚಿಕ್ಕ ಮಕ್ಕಳ ಸಮಸ್ಯೆ ಬೇರೆ. ತೊಡೆಯೆಲುಬಿನ ಉದ್ದದ ಬೆಳವಣಿಗೆಯಲ್ಲಿ ನೂರಕ್ಕೆ ಎಪ್ಪತ್ತು ಭಾಗ ಅದರ ಕೆಳತುದಿಯಲ್ಲಿ ನಡೆಯುತ್ತದೆ. ಆ ತುದಿಯನ್ನೇ ತೆಗೆದರೆ ಒಂದು ಕಾಲು ಬೆಳೆಯುತ್ತ ಇನ್ನೊಂದು ಹಿಂದುಳಿಯುತ್ತದೆ. ಉದ್ದಮಾಡಬಲ್ಲ ಲೋಹದ ಕೀಲುಗಳುಂಟು, ದುಬಾರಿ. ಇಲ್ಲಿ ನೆನೆಯಬೇಕಾದುದು ಕಾಲು ತಿರುಗಿಸಿ ಜೋಡಿಸುವ ವಿಚಿತ್ರ ಶಸ್ತ್ರಚಿಕಿತ್ಸೆ. ಮೊಣಕಾಲಿನ ಭಾಗವನ್ನು ತೆಗೆದು, ಕೆಳಗಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಕೂಡಿಸುತ್ತಾರೆ. ಹಿಮ್ಮಡಿ ಮುಂದಕ್ಕೆ ಬಂದು, ಪಾದದ ಕೀಲೇ ಮೊಣಕಾಲಿನ ಕೆಲಸ ಮಾಡುತ್ತದೆ. ಜರ್ಮನಿಯ ಬೋರ್ಗ್ರೇವೆ ೧೯೨೭ರಲ್ಲಿ ಇದನ್ನು ಕ್ಷಯದಿಂದ ಕುಂದಿದ ಕಾಲಿಗೆ ಮಾಡಿದರು. ಗಡ್ಡೆಗಳಿಗೆ ಬಳಕೆಯಾದುದು ೧೯೭೦ರ ದಶಕದಲ್ಲಿ. ನೋಡಲು ಅಂದವಿಲ್ಲವೆಂದು ತಾಯಂದಿರು ಬೆಚ್ಚುತ್ತಾರೆ. ಆದರೆ ಕೃತಕ ಕಾಲು ತೊಡಿಸಿದ ಮೇಲೆ ಆ ಮಗು ಓಡುತ್ತದೆ, ಜಿಗಿಯುತ್ತದೆ. ಲೋಹದ ಕೀಲಿನವರಿಗೆ ಅದು ನಿಷಿದ್ಧ.

ಮುಖ್ಯ ನರಗಳನ್ನೆಲ್ಲ ಗಡ್ಡೆ ಸುತ್ತಿಕೊಂಡಿದ್ದರೆ ಇಂದಿಗೂ ಕಾಲನ್ನು ತೆಗೆಯಲೇಬೇಕಾಗುತ್ತದೆ. ಆಗ ಹಿಂದೆಗೆದು ಊರಿಗೆ ಹೊರಟುಬಿಡುವ ಸಂಸಾರಗಳುಂಟು. ಕಾಲಿಗಿಂತ ಜೀವ ದೊಡ್ಡದೆಂದು ಅವರಿಗೆ ಮನಗಾಣಿಸಲು ಅವರದೇ ಭಾಷೆಯವರೊಬ್ಬರು ಪಕ್ಕದಲ್ಲಿ ಕುಳಿತು ಹತ್ತು ಮಾತಾಡಿದರೆ ಸಾಕಾಗುವುದುಂಟು. ಇಲ್ಲಿಯ ಕನ್ನಡಿಗರು ಮಾಡಬಹುದಾದ ಸೇವೆ ಇದು.

ಕರ್ನಾಟಕದಿಂದ ಬರುವವರು ಬೆಂಗಳೂರಿನಲ್ಲಿಯೇ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ಇದೆಯೆಂಬುದನ್ನು ನೆನಪಿಡಬೇಕು. ಚಿಕಿತ್ಸೆ ವರ್ಷದ ಹತ್ತಿರ ಹಿಡಿಯುವುದರಿಂದ ಮನೆಗೆ ಸಮೀಪವಿರುವುದೂ ಒಂದು ಅನುಕೂಲ. ಪರೇಲಿಗೇ ಬರುವುದಾದರೆ ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆಯಂಥ ತಂಗುದಾಣಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಹಳೆಯ ಎಕ್ಸ್‌ರೇಗಳೆಲ್ಲವನ್ನೂ, ಬಯಾಪ್ಸಿ ಆಗಿದ್ದರೆ ವರದಿಯ ಜೊತೆಗೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದು ತರಬೇಕು. ಇಲ್ಲವಾದರೆ ಮತ್ತೊಮ್ಮೆ ಸೂಜಿ ಹಾಕಬೇಕಾದೀತು. ಚಿಕಿತ್ಸೆ ಮುಗಿದ ಮೇಲೆ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಎದೆಯ ಚಿತ್ರ ತೆಗೆಸುತ್ತಿರಬೇಕು. ಶ್ವಾಸಕೋಶದಲ್ಲಿ ಒಂದೆರಡು ಗಂಟುಗಳು ಬೇಗನೆ ಕಂಡುಬಂದರೆ ಅವನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಹಾಗೆ ಗುಣವಾದವರಿದ್ದಾರೆ.