ವ್ಯಾಪಾರದ ಪತ್ರಕ್ಕೊಂದು ಬೀಗ

ಹಿಂದೆ ದನದ ಸಂತೆಯಲ್ಲಿ ಕ್ರಯ ಕುದುರಿಸುವವರು ಬೈರಾಸಿನ ಅಡಿಯಲ್ಲಿ ಕೈ ಹಿಡಿದು ಬೆರಳುಗಳಲ್ಲೇ ಮಾತು ಮುಗಿಸುತ್ತಿದ್ದರು. ಸುತ್ತ ಎಷ್ಟು ಜನ ನಿಂತಿದ್ದರೂ ಕ್ರಯ ಇಬ್ಬರಿಗೆ ಮಾತ್ರ ಗೊತ್ತು. ಗುಟ್ಟನ್ನು ಅಷ್ಟು ಜೋಪಾನ ಮಾಡುತ್ತಿದ್ದ ನಾವು ಇಂದು ಅಡಿಕೆಯ ದರ, ಬ್ಯಾಂಕಿನ ಖಾತೆ ಸಂಖ್ಯೆ, ಕರಾರುಪತ್ರ ಎಲ್ಲವನ್ನೂ ಇ-ಮೇಲಿನಲ್ಲಿ ಕಳುಹಿಸಿ ನಿಶ್ಚಿಂತರಾಗಿದ್ದೇವೆ.

ಇ-ಮೇಲ್ ಅಂಟಿಸಿದ ಲಕೋಟೆಯಲ್ಲ. 1982ರಲ್ಲಿ ಅದರ ಸಾಗಾಟದ ನಿಯಮಗಳನ್ನು ಬರೆದಾಗ ಗೌಪ್ಯತೆಯ ಏರ್ಪಾಡು ಅದರಲ್ಲಿರಲಿಲ್ಲ. ಈಗ ದಾರಿಯಲ್ಲಿ ಸಾಗುವಾಗ ಹೆಚ್ಚಾಗಿ ಮರೆಯಲ್ಲೇ ಸಾಗುತ್ತದೆ, ನಿಜ. ಆದರೆ ಎರಡು ತುದಿಯ ಸರ್ವರುಗಳಲ್ಲಿ ಓದಬಲ್ಲ ರೂಪದಲ್ಲೇ ಇರುತ್ತದೆ. ಪಾಸ್‌ವರ್ಡ್ ಕದ್ದವನು ಹಲವು ವರ್ಷಗಳ ವ್ಯವಹಾರವನ್ನು ಕುಳಿತಲ್ಲೇ ಓದಬಲ್ಲ. ಕನ್ನಡದಲ್ಲಿ ಬರೆದರೆ ಇಲ್ಲಿ ಯಾರು ಓದಿಯಾರು ಎಂದು ನೆಮ್ಮದಿಪಡುವವರೂ ನಮ್ಮಲ್ಲಿ ಉಂಟು. ಯಂತ್ರಕ್ಕೆ ಆ ಭೇದವಿಲ್ಲ.

ಇದಕ್ಕೆ ಉಪಾಯವೇ ಎನ್‌ಕ್ರಿಪ್ಶನ್, ಅಂದರೆ ಗೂಢಲಿಪಿ. ಮಂಗಳೂರಿನ ಸಗಟು ವ್ಯಾಪಾರಿಯೊಬ್ಬರು ತಮ್ಮ ಬೀಗಗಳನ್ನು ತೆರೆದಿಟ್ಟು ಎಲ್ಲರಿಗೂ ಹಂಚುತ್ತಾರೆ ಎನ್ನಿ. ಕೀಲಿಕೈ ಮಾತ್ರ ಅವರ ಸೊಂಟದಲ್ಲಿ. ಕಾಸರಗೋಡಿನ ನಾವು ಪತ್ರವನ್ನು ಪೆಟ್ಟಿಗೆಗೆ ಹಾಕಿ ಆ ಬೀಗ ಒತ್ತಿದೆವೆಂದರೆ, ಮತ್ತೆ ನಮಗೂ ಅದನ್ನು ತೆರೆಯಲಾಗದು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಇಂಥ ಬೀಗವನ್ನು ಪಿಜಿಪಿ ಎಂಬ ಹೆಸರಿನಲ್ಲಿ ಜನಸಾಮಾನ್ಯರ ಕೈಗಿತ್ತರು. ಯುದ್ಧೋಪಕರಣಗಳ ರಫ್ತಿನ ಕಾನೂನು ಮುರಿದರೆಂಬ ಶಂಕೆಯಲ್ಲಿ ಅಲ್ಲಿನ ಸರಕಾರ ವರ್ಷಗಟ್ಟಲೆ ತನಿಖೆ ನಡೆಸಿ 1996ರಲ್ಲಿ ಕೈಬಿಟ್ಟಿತು. ಬೀಗ ಎಷ್ಟು ಗಟ್ಟಿಯಿತ್ತೆಂದು ಇದರಿಂದಲೇ ಊಹಿಸಬಹುದು. 2020ರಿಂದ ಥಂಡರ್‌ಬರ್ಡ್ ಎಂಬ ಉಚಿತ ಇ-ಮೇಲ್ ತಂತ್ರಾಂಶದಲ್ಲಿ ಈ ಸೌಕರ್ಯ ಒಳಗೇ ಸೇರಿದೆ.

ತೊಡಕುಗಳಿಲ್ಲವೆಂದಲ್ಲ. ಪತ್ರ ಯಾರಿಂದ ಯಾರಿಗೆ ಹೋಯಿತೆಂಬುದು ಮರೆಯಾಗುವುದಿಲ್ಲ. ಕೀಲಿಕೈ ಕಳೆದುಹೋದರೆ ಹಳೆಯ ಪತ್ರಗಳೂ ಹೋದಂತೆ. ಅದರ ಪ್ರತಿಯೊಂದನ್ನು ಬೇರೆ ಕಡೆ ಭದ್ರವಾಗಿ ಇಡಲೇಬೇಕು. ಇನ್ನೊಂದು ಮಾತು: ನಿಮ್ಮ ಬೀಗ ಎಲ್ಲರ ಕೈಯಲ್ಲೂ ಇರುವುದರಿಂದ, ಬೀಗ ಹಾಕಿ ಬಂದ ಮಾತ್ರಕ್ಕೆ ಪತ್ರ ನಂಬಿಕಸ್ಥರದೇ ಎನ್ನುವಂತಿಲ್ಲ. ಡಿಜಿಟಲ್ ಸಹಿಯನ್ನೂ ನೋಡಬೇಕು. “ನಮ್ಮ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ” ಎಂದು ಬಂದರೆ, ಮೊದಲೇ ಗೊತ್ತಿರುವ ನಂಬ್ರಕ್ಕೆ ಫೋನು ಮಾಡಿ ವಿಚಾರಿಸದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು.

ಆಚೆಯವರಲ್ಲಿ ಬೀಗವೇ ಇಲ್ಲದಿದ್ದರೆ? ಕಡತಕ್ಕೆ ಮಾತ್ರ ಪಾಸ್‌ವರ್ಡ್ ಹಾಕಿ ಕಳುಹಿಸಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಬಹುದು. ಅದೇ ಇ-ಮೇಲಿನ ಕೆಳಗೆ ಪಾಸ್‌ವರ್ಡನ್ನೂ ಬರೆದು ಕಳುಹಿಸಿದವರನ್ನು ನಾವು ಕಂಡಿದ್ದೇವೆ.