ಒಡೆಯನನ್ನೇ ಗುರುತಿಸದ ಕಾವಲುಗಾರ

ಹಳೆಯ ಸ್ಪೋರ್ಟ್ಸ್ ಕಾರೊಂದರ ಒಡೆಯನು ಮುಂಜಾನೆ ಗಾಡಿಯಲ್ಲಿ ಕುಳಿತು ಬೀಗದ ಕೈಯನ್ನು ತಿರುಗಿಸುತ್ತಾನೆ. ಎದುರಿನ ಫಲಕದ ದೀಪಗಳೆಲ್ಲ ಪ್ರಕಾಶವಾಗಿ ಬೆಳಗುತ್ತವೆ, ರೇಡಿಯೋ ಹಾಡುತ್ತದೆ, ಆದರೆ ಎಂಜಿನು ಮಾತ್ರ ಮಿಸುಕುವುದಿಲ್ಲ. ಬ್ಯಾಟರಿ ಸತ್ತಿತೆಂದು ಬಗೆದು ಆತನು ಹೊಸದನ್ನು ತರುತ್ತಾನೆ, ಫಲವಿಲ್ಲ. ಸ್ಟಾರ್ಟರ್ ಮೋಟಾರನ್ನು ಬದಲಾಯಿಸುತ್ತಾನೆ, ಆಗಲೂ ಫಲವಿಲ್ಲ. ಮರುದಿನ ಏನೂ ಆಗಿಲ್ಲವೆಂಬಂತೆ ಗಾಡಿ ತಾನಾಗಿ ಹೊರಡುತ್ತದೆ! ಇದೆಂತಹ ವಿಚಿತ್ರ?

ವಿಚಿತ್ರವೇನೂ ಇಲ್ಲ. ಕಳ್ಳರನ್ನು ತಡೆಯಲೆಂದು ಕಾರ್ಖಾನೆಯಲ್ಲೇ ಗಾಡಿಗೆ ಅಳವಡಿಸಿದ ವಿದ್ಯುತ್ ಕಾವಲುಗಾರನು ಮುಪ್ಪಿನಿಂದ ಕಣ್ಣು ಮಂಜಾಗಿ, ಒಡೆಯನನ್ನೇ ಕಳ್ಳನೆಂದು ಭ್ರಮಿಸಿದ್ದಾನೆ, ಅಷ್ಟೆ. ಈ ಕಾವಲುಗಾರನು ಕೆಲಸ ಮಾಡುವ ರೀತಿಯನ್ನು ತಿಳಿದುಕೊಂಡರೆ ದೋಷವಿರುವ ಸ್ಥಳವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅಮೆರಿಕಾದಲ್ಲಿ 1953ರಿಂದ ತಯಾರಾಗುತ್ತಿರುವ ಕಾರ್ವೆಟ್ ಎಂಬ ಪ್ರಸಿದ್ಧ ಗಾಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1986ರ ಕಾರ್ವೆಟ್ ಗಾಡಿಗಳಲ್ಲಿ ಹೊಸತೊಂದು ಏರ್ಪಾಡು ಕಾಣಿಸಿಕೊಂಡಿತು. ಅದರ ಬೀಗದ ಕೈಯ ಅಲಗಿನಲ್ಲಿ ಒಂದು ಚಿಕ್ಕ ಕಪ್ಪು ಗುಳಿಗೆಯನ್ನು ಹುದುಗಿಸಿದ್ದರು. ಅದರೊಳಗಿರುವುದು ಮಾಟವೂ ಅಲ್ಲ, ಮಂತ್ರವೂ ಅಲ್ಲ. ವಿದ್ಯುತ್ಪ್ರವಾಹಕ್ಕೆ ಗೊತ್ತಾದ ಪ್ರಮಾಣದಲ್ಲಿ ಅಡ್ಡಿಯೊಡ್ಡುವ ಒಂದು ರೋಧಕ. ಗುಳಿಗೆಯ ಎರಡು ಮೈಗಳಲ್ಲಿಯೂ ಲೋಹದ ತುಣುಕುಗಳು ಕಾಣುತ್ತವೆ. ಕೈಯನ್ನು ಬೀಗದೊಳಕ್ಕೆ ತೂರಿಸಿದಾಗ ಬೀಗದಲ್ಲಿರುವ ಎರಡು ಸ್ಪರ್ಶಪಟ್ಟಿಗಳು ಈ ತುಣುಕುಗಳನ್ನು ಮುಟ್ಟುತ್ತವೆ. ಅಲ್ಲಿಂದ ಎರಡು ನವುರಾದ ತಂತಿಗಳು ಚಾಲಕನ ಚಕ್ರದ ಕಂಬದೊಳಗಿನಿಂದ ಇಳಿದು ಒಂದು ವಿದ್ಯುತ್ ಪೆಟ್ಟಿಗೆಯನ್ನು ಸೇರುತ್ತವೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಈ ಪೆಟ್ಟಿಗೆಗೆ ಆಧಾರ: ಒತ್ತಡವು ತಿಳಿದಿದ್ದರೆ, ಹರಿಯುವ ಪ್ರವಾಹದಿಂದ ರೋಧವೆಷ್ಟೆಂದು ಹೇಳಬಹುದು. ಬಂದ ಬೆಲೆಯು ತನ್ನ ನೆನಪಿನಲ್ಲಿರುವ ಬೆಲೆಗೆ ಹೊಂದಿದರೆ ಪೆಟ್ಟಿಗೆಯು ಒಂದು ರಿಲೇಯನ್ನು ಚಾಲೂ ಮಾಡಿ ಸ್ಟಾರ್ಟರ್ ಮೋಟಾರಿಗೆ ದಾರಿ ಬಿಡುತ್ತದೆ. ಹೊಂದದಿದ್ದರೆ ಆ ದಾರಿಯನ್ನು ಮುಚ್ಚುತ್ತದೆ. ಈ ಏರ್ಪಾಡನ್ನು ಪಡೆದ ಅನೇಕ ಗಾಡಿಗಳಲ್ಲಿ ಇಂಧನವನ್ನೂ ತಡೆಯುತ್ತದೆ.

ರೋಧದ ಬೆಲೆಗಳು ಒಟ್ಟು ಹದಿನೈದು. ಅವು ಓಮ್‌ಗಳಲ್ಲಿ ಕ್ರಮವಾಗಿ ಹೀಗಿವೆ: 402, 523, 681, 887, 1130, 1470, 1870, 2370, 3010, 3740, 4750, 6040, 7500, 9530 ಮತ್ತು 11800. ಈ ಸಂಖ್ಯೆಗಳ ನಡುವಣ ಅಂತರ ಒಂದೇ ಸಮನಾಗಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಮೊದಲೆರಡರ ಅಂತರ ಕೇವಲ 121 ಓಮ್. ಕೊನೆಯೆರಡರದು 2270 ಓಮ್. ಆದರೆ ಪ್ರತಿಯೊಂದು ಬೆಲೆಯೂ ಅದರ ಹಿಂದಿನದಕ್ಕಿಂತ ಸರಿಸುಮಾರು ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚು. ಗಣಿತದಲ್ಲಿ ಇಂತಹುದನ್ನು ಗುಣೋತ್ತರ ಶ್ರೇಢಿ ಎನ್ನುತ್ತಾರೆ. ಹೀಗೇಕೆ ಆರಿಸಿದರು? ರೋಧಕವನ್ನು ತಯಾರಿಸುವಾಗಲೂ ಅಳೆಯುವಾಗಲೂ ಆಗುವ ತಪ್ಪು ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿರುತ್ತದೆ. ಅಂತರಗಳನ್ನು ಸಮನಾಗಿಟ್ಟಿದ್ದರೆ ಒಂದೊಂದು ಮೆಟ್ಟಿಲೂ ಸುಮಾರು 814 ಓಮ್ ಆಗುತ್ತಿತ್ತು. 11000 ಓಮ್‌ಗಳ ಸಮೀಪದಲ್ಲಿ ಶೇಕಡಾ 5ರ ತಪ್ಪೆಂದರೆ 550 ಓಮ್. ಅದು ಮೆಟ್ಟಿಲಿನ ಅರ್ಧಕ್ಕಿಂತ ಹೆಚ್ಚು. ಆಗ ಒಂದು ಕೈಯನ್ನು ಪಕ್ಕದ ಬೆಲೆಯ ಕೈಯೆಂದು ಪೆಟ್ಟಿಗೆ ತಪ್ಪು ತಿಳಿಯುತ್ತಿತ್ತು.

ಹದಿನೈದೇ ಬೆಲೆಗಳಾದರೆ ಕಳ್ಳನು ಹದಿನೈದು ಕೈಗಳನ್ನು ಹೊತ್ತು ತರಲಾರನೇ? ತರಬಲ್ಲನು. ಆದುದರಿಂದಲೇ ತಪ್ಪು ಬೆಲೆಯನ್ನು ಕಂಡೊಡನೆ ಪೆಟ್ಟಿಗೆಯು ಎರಡರಿಂದ ನಾಲ್ಕು ನಿಮಿಷಗಳವರೆಗೆ ಕದ ಮುಚ್ಚಿಕೊಳ್ಳುತ್ತದೆ. ಆ ಅವಧಿಯಲ್ಲಿ ಸರಿಯಾದ ಕೈಯನ್ನು ತೋರಿಸಿದರೂ ತೆರೆಯುವುದಿಲ್ಲ. ಎಲ್ಲ ಕೈಗಳನ್ನೂ ಪರೀಕ್ಷಿಸಲು ಒಂದು ಗಂಟೆಯವರೆಗೆ ಬೇಕಾದೀತು. ಅಷ್ಟು ಹೊತ್ತು ಬೀದಿಯಲ್ಲಿ ಕಾದು ಕೂರುವ ಕಳ್ಳರು ವಿರಳ. ಒಡೆಯನು ಇದನ್ನು ಮುಖ್ಯವಾಗಿ ನೆನಪಿಡಬೇಕು: ದೋಷವನ್ನು ಸರಿಪಡಿಸಿದ ಬಳಿಕವೂ ನಾಲ್ಕು ನಿಮಿಷ ಕಾಯದೆ ಮತ್ತೆ ಮತ್ತೆ ತಿರುಗಿಸಿದರೆ, ಸರಿಪಡಿಸಿದ್ದೂ ಸರಿಯಾಗಿಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಇನ್ನು ರೋಗಪರೀಕ್ಷೆಗೆ ತೊಡಗೋಣ. ಮೊದಲು ಎರಡು ಕಾವಲುಗಳನ್ನು ಬೇರೆ ಬೇರೆಯಾಗಿ ಅರಿಯಬೇಕು. ಹಾರನ್ನು ಕೂಗಿಸುವ ಎಚ್ಚರಿಕೆಯ ಏರ್ಪಾಡು ಬಾಗಿಲುಗಳನ್ನು ನೋಡಿಕೊಳ್ಳುತ್ತದೆ. ಗುಳಿಗೆಯ ಏರ್ಪಾಡು ಬೀಗದ ಕೈಯನ್ನು ನೋಡಿಕೊಳ್ಳುತ್ತದೆ. ಬಾಗಿಲಿನ ಬೀಗದೊಳಗಿರುವ ಸಣ್ಣ ಸ್ವಿಚ್ಚು ತುಕ್ಕು ಹಿಡಿದರೆ, ಒಡೆಯನು ಕೈಯಿಂದಲೇ ತೆರೆದರೂ ಬಾಗಿಲನ್ನು ಯಾರೋ ಮುರಿದರೆಂದು ತಿಳಿದು ಹಾರನ್ನು ಕೂಗಬಹುದು. ಇಂತಹ ಕೂಗು ಕೇಳಿದರೆ ಕೈಯನ್ನು ಬಾಗಿಲಿನ ಬೀಗದಲ್ಲಿಟ್ಟು ತಿರುಗಿಸಿ ಅದನ್ನು ಶಾಂತಗೊಳಿಸಬೇಕು. ಆ ಬಳಿಕವೇ ಎಂಜಿನಿನ ವಿಚಾರ.

ಎರಡನೆಯದಾಗಿ ಬ್ಯಾಟರಿ. ಪೂರ್ಣವಾಗಿ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರುಗಳನ್ನು ಬೇಡುವ ಹಸಿವಿನ ಯಂತ್ರ. ಕೈ ತಿರುಗಿಸಿದಾಗ ದೀಪಗಳು ಕಂದಿ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬಂದರೆ ದೋಷವು ಬ್ಯಾಟರಿಯಲ್ಲಿ ಅಥವಾ ಅದರ ತಂತಿಯ ತುದಿಗಳಲ್ಲಿರುವುದೇ ಹೆಚ್ಚು ಸಂಭವ. ದೀಪಗಳು ಕಿಂಚಿತ್ತೂ ಕಂದದೆ ಪೂರ್ಣ ಮೌನವಿದ್ದರೆ ಪ್ರವಾಹವು ಮೋಟಾರನ್ನು ತಲುಪಿಲ್ಲವೆಂದು ಅರ್ಥ. ಎಲ್ಲಿಯೋ ಬಾಗಿಲು ಮುಚ್ಚಿದೆ. ಆದರೆ ಅದು ಕಾವಲುಗಾರನ ಬಾಗಿಲೇ ಆಗಿರಬೇಕೆಂದಿಲ್ಲ. ಗೇರಿನ ಸನ್ನೆ ಅಥವಾ ಕ್ಲಚ್ಚಿನ ಪೆಡಲಿಗೆ ಸೇರಿದ ಸುರಕ್ಷತಾ ಸ್ವಿಚ್ಚೂ ಅದೇ ದಾರಿಯಲ್ಲಿರುತ್ತದೆ. ಆದಕಾರಣ ಗೇರನ್ನು ನ್ಯೂಟ್ರಲ್ ಸ್ಥಾನಕ್ಕೆ ತಂದು, ಅಥವಾ ಕ್ಲಚ್ಚನ್ನು ಪೂರ್ತಿ ತುಳಿದು, ಇನ್ನೊಮ್ಮೆ ಪ್ರಯತ್ನಿಸಬೇಕು.

ಮೂರನೆಯ ಸಾಕ್ಷಿ ಫಲಕದಲ್ಲಿನ ಕಾವಲುದೀಪ. ಅದು ಕೆಲವು ಸೆಕೆಂಡುಗಳಲ್ಲಿ ಆರಿದರೆ ಪೆಟ್ಟಿಗೆಯು ಕೈಯನ್ನು ಒಪ್ಪಿಕೊಂಡಿದೆ. ಆರದೆ ಉರಿಯುತ್ತಿದ್ದರೆ ಒಪ್ಪಿಲ್ಲ; ಆಗ ಬ್ಯಾಟರಿಯನ್ನೂ ಮೋಟಾರನ್ನೂ ಬದಲಾಯಿಸುವುದು ಹಣವನ್ನು ನೀರಿಗೆ ಹಾಕಿದಂತೆ.

ಈಗ ಕೈಯನ್ನು ಪರೀಕ್ಷಿಸೋಣ. ವರ್ಷಗಟ್ಟಲೆ ಜೇಬಿನ ಧೂಳು, ಬೆವರು, ಬೀಗಕ್ಕೆ ಹಾಕಿದ ಎಣ್ಣೆ ಇವೆಲ್ಲ ಗುಳಿಗೆಯ ಲೋಹದ ಮೇಲೆ ಪೊರೆಯಾಗಿ ಕೂತಿರುತ್ತವೆ. ಈ ಪೊರೆಯೂ ಒಂದು ರೋಧವೇ; ಅದು ಗುಳಿಗೆಯ ರೋಧದೊಡನೆ ಕೂಡಿಕೊಳ್ಳುತ್ತದೆ. ಪೊರೆಯಿಂದ 100 ಓಮ್ ಹೆಚ್ಚಿತೆನ್ನೋಣ. 402 ಓಮ್‌ನ ಕೈ ಆಗ 502 ಓಮ್ ತೋರಿಸಿ, ಪಕ್ಕದ 523ಕ್ಕೆ ಹತ್ತಿರವಾಗುತ್ತದೆ. ಪೆಟ್ಟಿಗೆ ಅದನ್ನು ನಿರಾಕರಿಸುತ್ತದೆ. ಅದೇ 100 ಓಮ್ 11800 ಓಮ್‌ನ ಕೈಗೆ ಸೇರಿದರೆ ಶೇಕಡಾ ಒಂದಕ್ಕಿಂತಲೂ ಕಡಮೆ. ಪೆಟ್ಟಿಗೆಗೆ ಅದು ಲೆಕ್ಕಕ್ಕೇ ಇಲ್ಲ. ಒಂದೇ ಕೊಳೆ ಒಬ್ಬನ ಗಾಡಿಯನ್ನು ನಿಲ್ಲಿಸಿ ಇನ್ನೊಬ್ಬನದನ್ನು ನಿಲ್ಲಿಸದಿರುವ ರಹಸ್ಯವಿದು! ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಗುಳಿಗೆಯ ಎರಡು ಮೈಗಳನ್ನೂ ಒರೆಸಿ, ಓಮ್ ಮಾಪಕದ ಎರಡು ಮೊನೆಗಳನ್ನು ಅವುಗಳಿಗೆ ತಾಗಿಸಿ ಅಳೆಯಬೇಕು. ಬೆಲೆಯು ಮೇಲಿನ ಹದಿನೈದರಲ್ಲಿ ಒಂದಕ್ಕೆ ಸಮೀಪವಾಗಿದ್ದರೆ, ಮತ್ತು ಮನೆಯಲ್ಲಿರುವ ಎರಡನೆಯ ಕೈಯೂ ಅದನ್ನೇ ತೋರಿಸಿದರೆ, ಕೈ ನಿರ್ದೋಷಿ.

ಕೈ ನಿರ್ದೋಷಿಯಾದರೆ ಸಂದೇಹವು ತಂತಿಗಳ ಮೇಲೆ ಹೊರಳುತ್ತದೆ. ಈ ನವುರಾದ ತಂತಿಗಳು ಪ್ರತಿಸಲ ಕೈ ತಿರುಗಿದಾಗಲೂ ಬೀಗದೊಡನೆ ತಾವೂ ತಿರುಚಿಕೊಳ್ಳುತ್ತವೆ. ದಿನಕ್ಕೆ ನಾಲ್ಕು ಸಲವೆಂದರೂ ಮೂವತ್ತು ವರ್ಷಗಳಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಸಲ! ಮತ್ತೆ ಮತ್ತೆ ಬಾಗಿಸಿದ ಲೋಹವು ದಣಿದು ಒಳಗೇ ಸೀಳುತ್ತದೆ. ಹೊರಗಿನ ಹೊದಿಕೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಸೀಳಿದ ತುದಿಗಳು ಒಂದು ದಿನ ತಾಗುತ್ತವೆ, ಇನ್ನೊಂದು ದಿನ ಅಗಲುತ್ತವೆ. ಸತ್ತ ಗಾಡಿ ಮರುದಿನ ತಾನಾಗಿ ಎದ್ದುದಕ್ಕೆ ಇದೇ ಕಾರಣವಾಗಿರಬಹುದು. ಪರೀಕ್ಷೆ ಸುಲಭ: ಪೆಟ್ಟಿಗೆಗೆ ಹೋಗುವ ಈ ಎರಡು ತಂತಿಗಳ ಕೊಂಡಿಯನ್ನು ಫಲಕದ ಕೆಳಗೆ ಬಿಡಿಸಿ, ಕೈಯನ್ನು ಬೀಗದಲ್ಲಿಟ್ಟು, ಬೀಗದ ಕಡೆಯ ತುದಿಗಳ ನಡುವೆ ರೋಧವನ್ನು ಅಳೆಯಬೇಕು. ಕೈಯನ್ನು ಮೆಲ್ಲಗೆ ತಿರುಗಿಸುತ್ತಿರುವಾಗಲೂ ಮಾಪಕದ ಅಂಕೆ ಸ್ಥಿರವಾಗಿರಬೇಕು. ಅದು ಕುಣಿದರೆ ಸ್ಪರ್ಶಪಟ್ಟಿಗಳು ಸವೆದಿವೆ ಅಥವಾ ತಂತಿ ಸೀಳಿದೆ. ಮಾಪಕವು ಅನಂತವನ್ನು ತೋರಿಸಿದರೆ ಸಂಪರ್ಕವು ಎಲ್ಲಿಯೋ ಪೂರ್ತಿ ಕಡಿದಿದೆ. ಅಂಕೆ ಸರಿಯಾಗಿಯೂ ಸ್ಥಿರವಾಗಿಯೂ ಇದ್ದರೆ ಮಾತ್ರ ಪೆಟ್ಟಿಗೆ, ಅದರ ಫ್ಯೂಸು ಮತ್ತು ರಿಲೇಗಳನ್ನು ಶಂಕಿಸಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. 1990ರಿಂದ ಈಚಿನ ಕಾರ್ವೆಟ್‌ಗಳಲ್ಲಿ ಚಾಲಕನ ಚಕ್ರದೊಳಗೆ, ಅಪಘಾತದ ಕ್ಷಣದಲ್ಲಿ ಸ್ಫೋಟದ ವೇಗದಿಂದ ಉಬ್ಬುವ ಗಾಳಿಚೀಲವಿದೆ. ಅನುಭವವಿಲ್ಲದವರು ಆ ಕಂಬವನ್ನು ಬಿಚ್ಚಹೋದರೆ ಪ್ರಾಣಾಪಾಯವಿದೆ. ಅದನ್ನು ತಿಳಿದವರಿಗೇ ಬಿಡಬೇಕು. ಬೇಸತ್ತ ಕೆಲವರು ಕಡಿದ ತಂತಿಯ ಬದಲಿಗೆ ಅದೇ ಬೆಲೆಯ ರೋಧಕವೊಂದನ್ನು ಪೆಟ್ಟಿಗೆಗೆ ಶಾಶ್ವತವಾಗಿ ಜೋಡಿಸಿಬಿಡುವುದುಂಟು. ಗಾಡಿಯೇನೋ ಹೊರಡುತ್ತದೆ. ಆದರೆ ಅಂದಿನಿಂದ ಗುಳಿಗೆಯಿಲ್ಲದ ಕೈಗೂ ಅದು ತಲೆಬಾಗುತ್ತದೆ. ಕಾವಲುಗಾರನಿಗೆ ನಿದ್ರೆಯ ಮದ್ದನ್ನು ಕುಡಿಸಿದಂತಾಯಿತು.

ಇಂದಿನ ಗಾಡಿಗಳ ಬೀಗದ ಕೈಗಳಲ್ಲಿ ರೋಧಕದ ಬದಲು ರೇಡಿಯೋ ಅಲೆಗಳಿಂದ ಉತ್ತರ ಕೊಡುವ ಸಣ್ಣ ಚಿಪ್ಪು ಇರುತ್ತದೆ. ಅದು ಯಾವ ಲೋಹಪಟ್ಟಿಯನ್ನೂ ಮುಟ್ಟಬೇಕಾಗಿಲ್ಲವಾದ್ದರಿಂದ ಕೊಳೆಯ ಕಾಟ ಅದಕ್ಕಿಲ್ಲ. ಆದರೂ ಹಳೆಯ ಗಾಡಿ ಕಲಿಸುವ ಪಾಠ ಹಳೆಯದಾಗುವುದಿಲ್ಲ. ಭಾರವಾದ ಮೋಟಾರು, ಬೆಲೆಬಾಳುವ ಬ್ಯಾಟರಿ ಇವುಗಳ ಮೇಲೆ ನಮ್ಮ ಸಂದೇಹ ಮೊದಲು ಹರಿಯುತ್ತದೆ. ದೋಷವೋ ಕೂದಲಿನಂತಹ ತಂತಿಯಲ್ಲಿ, ಉಗುರಿಗಿಂತ ಸಣ್ಣ ಗುಳಿಗೆಯಲ್ಲಿ ಅಡಗಿರುತ್ತದೆ. ಬದಲಾಯಿಸುವ ಮುನ್ನ ಅಳೆಯುವುದು ಲೇಸು. ಅಳತೆಗೆ ತಗಲುವುದು ನಾಲ್ಕು ನಿಮಿಷ. ಊಹೆಗೆ ತಗಲುವ ವೆಚ್ಚಕ್ಕೆ ಮಿತಿಯಿಲ್ಲ.