ನೀಲಿ ಶಾಲಿನ ಋಣ

ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ತಾವರೆಕೆರೆ ಸಿಗುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಅಲ್ಲಿ ರಸ್ತೆ ಬದಿಯಲ್ಲಿ ಕ್ಯಾಂಟೀನ್ ನಡೆಸುವ ನಮ್ಮ ಬ್ಯಾರಿ ಕುಟುಂಬವೊಂದಿದೆ. ಅವರ ಮಗ ಚಿಕ್ಕಂದಿನಲ್ಲಿ ನಮ್ಮ ಮದರಸದಲ್ಲಿ ಓದಿದವನು. ಈಗ ಬಯಲುಸೀಮೆಯ ಒಂದು ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಮಾಡುತ್ತಿದ್ದಾನೆ. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಬರುವಾಗ ಅವನ ಉಮ್ಮನ ಫೋನ್ ಬಂತು.

"ಉಸ್ತಾದ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಓದ್ಲಿಕ್ಕೆ ಕಳಿಸಿದ್ರೆ ಧರಣಿಗೆ ಕೂತಿದ್ದಾನಂತೆ. ಅದೂ ನಮ್ಮ ಹುಡುಗರ ಜೊತೆ ಅಲ್ಲ, ಯಾರೋ ನೀಲಿ ಬಾವುಟ, ಕೆಂಪು ಬಾವುಟದವರ ಜೊತೆ."

ನಾವು ಹುಡುಗನಿಗೆ ಫೋನ್ ಮಾಡಿ, ಏನು ಮೋನು ವಿಷಯ ಎಂದು ಕೇಳಿದೆವು. ಹಾಸ್ಟೆಲ್‌ನ ದಲಿತ ಹುಡುಗರಿಗೆ ತಿಂಗಳುಗಟ್ಟಲೆ ಸ್ಕಾಲರ್‌ಶಿಪ್ ಬಂದಿರಲಿಲ್ಲವಂತೆ. ಮೆಸ್ ಬಿಲ್ ಕಟ್ಟಲಾಗದೆ ಇಬ್ಬರು ಪೆಟ್ಟಿಗೆ ಕಟ್ಟಿ ಊರಿಗೆ ಹೋಗಿದ್ದರಂತೆ.

"ಅದರಿಂದ ನಿನಗೇನಾಗ್ಬೇಕು?" ಎಂದೆವು.

"ನಮ್ಮ ಹುಡುಗಿಯರ ಸ್ಕಾರ್ಫ್ ವಿಷಯ ಬಂದಾಗ ಆ ಹುಡುಗರು ನೀಲಿ ಶಾಲು ಹಾಕಿ ನಿಂತಿದ್ರಲ್ಲ ಉಸ್ತಾದ್? ಅವತ್ತು ಅವರು, ನಮಗೇನಾಗ್ಬೇಕು ಅಂತ ಕೇಳಿದ್ರಾ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ನಾಳೆ ಮಾತಾಡ್ತೇವೆ ಎಂದು ಫೋನ್ ಇಟ್ಟೆವು.

ಅವನು ನೆನಪಿಸಿದ್ದು 2022ರ ಫೆಬ್ರವರಿ ತಿಂಗಳನ್ನು. ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ ರಾಜ್ಯವಿಡೀ ಹಬ್ಬಿತ್ತು. ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಹಲವು ಕಾಲೇಜುಗಳಲ್ಲಿ ಕೇಸರಿ ಶಾಲುಗಳು ಕಾಣಿಸಿಕೊಂಡವು. ಆ ದಿನಗಳಲ್ಲೇ ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರಕಾರಿ ಕಾಲೇಜಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು, ಜೈ ಭೀಮ್ ಎನ್ನುತ್ತಾ ನಮ್ಮ ಹೆಣ್ಣುಮಕ್ಕಳ ಪರ ನಿಂತರು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ನಮ್ಮ ಮಕ್ಕಳ ಪರ ಬರಲಿಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕೋರ್ಟಿನ ವಿಷಯ ಏನೇ ಆಗಲಿ, ಆ ನೀಲಿ ಶಾಲಿನ ಋಣ ನಮ್ಮ ಮೇಲಿದೆ. ಆ ಹುಡುಗರಿಗೆ ಅದರಿಂದ ಯಾವ ಲಾಭವೂ ಇರಲಿಲ್ಲ.

ಕ್ಯಾಂಪಸ್ಸಿನಲ್ಲಿ ಒಂಟಿಯಾಗುವುದು ಎಂದರೇನು ಎಂದು ದಲಿತ ವಿದ್ಯಾರ್ಥಿಗಳಿಗೆ ನಮಗಿಂತ ಮೊದಲೇ ಗೊತ್ತಿತ್ತು. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಆಗಿನ ಸಚಿವ ಬಿ. ಬಸವಲಿಂಗಪ್ಪ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ರಾಜ್ಯದಲ್ಲಿ ಗಲಾಟೆ ಎದ್ದಿತು. ಕಾಲೇಜು, ಹಾಸ್ಟೆಲ್‌ಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಆದರೆ ಪೆಟ್ಟು ತಿಂದ ಆ ಹುಡುಗರು ಮೂಲೆ ಸೇರಲಿಲ್ಲ. ಆ ನೋವಿನಿಂದಲೇ ಮುಂದೆ ಪ್ರೊ. ಬಿ. ಕೃಷ್ಣಪ್ಪ ಅವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ಅದರ ಬೆನ್ನಿಗೇ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಬರಗೂರು ರಾಮಚಂದ್ರಪ್ಪ ಇದೇ ಶಿರಾ ತಾಲೂಕಿನ ಬರಗೂರಿನವರು. ಆ ಚಳವಳಿಯ ಒಡನಾಟದಲ್ಲಿ ಬರೆಯುತ್ತಾ ಬಂದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆ ಪಟ್ಟೆವು. ನಮ್ಮ ಸಮುದಾಯದ ಹೆಣ್ಣುಮಕ್ಕಳ ನೋವು ಲೋಕಕ್ಕೆ ಮುಟ್ಟಿದ್ದರಲ್ಲಿ ಬೇರೆ ಬೇರೆ ಜಾತಿ ಧರ್ಮದವರು ಒಟ್ಟಿಗೆ ಕೂತ ಆ ಜಗಲಿಯ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ. ಅಲ್ಪಸಂಖ್ಯಾತರ ಮಕ್ಕಳ ಸಂಶೋಧನೆಗಾಗಿ 2009ರಲ್ಲಿ ಶುರುವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಿಲ್ಲಿಸಿತು. ನಮ್ಮ ಎಷ್ಟು ಜಮಾಅತ್‌ಗಳಲ್ಲಿ ಈ ಬಗ್ಗೆ ಒಂದು ಮಾತು ಬಂತು? ದೆಹಲಿಯಲ್ಲಿ ಎಡಪಂಥೀಯ ವಿದ್ಯಾರ್ಥಿ ಸಂಘಟನೆಗಳು ಇದನ್ನು ವಿರೋಧಿಸಿ ಬೀದಿಗಿಳಿದವು. ಅವರಲ್ಲಿ ಆ ಹಣದ ಒಂದು ಪೈಸೆಯೂ ಸಿಗದವರಿದ್ದರು.

ಸೆಕ್ಯುಲರ್ ಸಂಘಟನೆ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ, ಇವ ಇನ್ನು ದೀನ್ ಬಿಟ್ಟ ಎಂಬ ಹೆದರಿಕೆ. ನಮಗೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾವೇ ಮಕ್ಕಳಿಗೆ ಸೀರಾ ಪಾಠದಲ್ಲಿ ಹಿಲ್ಫುಲ್ ಫುದೂಲ್ ಕಲಿಸುತ್ತೇವೆ. ಯಮನ್ ಕಡೆಯ ಒಬ್ಬ ವ್ಯಾಪಾರಿಯಿಂದ ಮಕ್ಕಾದ ಪ್ರಮುಖನೊಬ್ಬ ಸರಕು ಪಡೆದು ದುಡ್ಡು ಕೊಡಲಿಲ್ಲ. ಪರವೂರಿನ ಆ ಮನುಷ್ಯನಿಗೆ ಅಲ್ಲಿ ಹಿಂದೆ ಮುಂದೆ ಯಾರೂ ಇರಲಿಲ್ಲ. ಆಗ ಅಬ್ದುಲ್ಲಾಹ್ ಬಿನ್ ಜುದ್‌ಆನ್ ಅವರ ಮನೆಯಲ್ಲಿ ಕೆಲವರು ಸೇರಿ, ಅನ್ಯಾಯವಾದವನು ಯಾರೇ ಇರಲಿ, ಹಕ್ಕು ಸಿಗುವ ತನಕ ಅವನ ಜೊತೆ ನಿಲ್ಲುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು. ಯುವಕರಾಗಿದ್ದ ಪ್ರವಾದಿ ಮುಹಮ್ಮದ್ (ಸ.ಅ.) ಅಲ್ಲಿದ್ದರು. ಇಸ್ಲಾಮಿನ ಕರೆ ಇನ್ನೂ ಬಂದಿರದ ಕಾಲವದು. ಪ್ರವಾದಿತ್ವ ಸಿಕ್ಕಿದ ಬಳಿಕವೂ, ಅಂಥ ಒಪ್ಪಂದಕ್ಕೆ ಈಗ ಕರೆದರೂ ಬರುತ್ತೇನೆ ಎಂಬ ಅರ್ಥದಲ್ಲಿ ಅವರು ಅದನ್ನು ನೆನೆದರು. ಹಾಸ್ಟೆಲ್ ಊಟಕ್ಕಾಗಿ ಕೂತ ಧರಣಿಯಲ್ಲಿ ಪಕ್ಕದವನ ಧರ್ಮ ಕೇಳಲು ನಾವು ಯಾರು?

ತಂದೆ ತಾಯಂದಿರ ಹೆದರಿಕೆಗೂ ಕಾರಣವಿದೆ. ಒಂದು ಕೇಸ್ ಬಿದ್ದರೆ ನಾಳೆ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಪೊಲೀಸರು ಬಂದಾಗ ತೊಂದರೆ. ಗಲ್ಫ್ ನಂಬಿದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಅದೇ ಕೆಲಸ ಮಾಡಿದರೂ ನಮ್ಮ ಹೆಸರಿನ ಹುಡುಗನ ಮೇಲೆ ಕಣ್ಣು ಬೇಗ ಬೀಳುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಅದಕ್ಕೇ ಅಲ್ಲವೇ ನಾಲ್ಕು ಕಡೆಯ ಗೆಳೆಯರು ಬೇಕಾದದ್ದು? ನಮ್ಮವರ ಗುಂಪಿನಲ್ಲೇ ಇದ್ದು, ನಮ್ಮ ವಿಷಯಕ್ಕೆ ಮಾತ್ರ ಕೂಗುವ ಹುಡುಗನಿಗೆ ಕಷ್ಟ ಬಂದಾಗ ಹೊರಗಿನಿಂದ ಬರುವವರು ಯಾರು?

ಮರುದಿನ ಆ ಉಮ್ಮನಿಗೆ ಫೋನ್ ಮಾಡಿ ನಾವು ಹೇಳಿದ್ದು ಇಷ್ಟೇ: ಹುಡುಗನನ್ನು ಬಯ್ಯಬೇಡಿ, ಕೇಳಿ. ಯಾರ ಹಕ್ಕಿಗಾಗಿ ಕೂತಿದ್ದೀ? ಬಾಯಲ್ಲಿ ಕೆಟ್ಟ ಮಾತು, ಕೈಯಲ್ಲಿ ಕಲ್ಲು ಇಲ್ಲ ತಾನೇ? ನಮಾಝ್ ತಪ್ಪುತ್ತಿಲ್ಲ ತಾನೇ? ಪರೀಕ್ಷೆಗೆ ಓದುತ್ತಿದ್ದೀಯಾ? ಇದಕ್ಕೆಲ್ಲ ಸರಿಯಾದ ಉತ್ತರ ಬಂದರೆ ದುಆ ಮಾಡಿ, ಬಿಟ್ಟುಬಿಡಿ. ದೇವರನ್ನೇ ಗೇಲಿ ಮಾಡುವವರು ಅಲ್ಲಿ ಸಿಕ್ಕಿದರೆ ಅಲ್ಲಿಂದ ಎದ್ದು ಬರುವಷ್ಟು ದೀನನ್ನು ನಾವು ಮದರಸದಲ್ಲಿ ಕೊಟ್ಟಿರಬೇಕು. ಕೊಟ್ಟಿಲ್ಲವಾದರೆ ಅದು ಕ್ಯಾಂಪಸ್ಸಿನ ತಪ್ಪಲ್ಲ, ನಮ್ಮದು.

ಜಮಾಅತ್‌ನ ಹಿರಿಯರಲ್ಲೂ ಒಂದು ಮಾತು. ಕಾಲೇಜು ಸೇರುವ ಮಕ್ಕಳಿಗೆ ಸನ್ಮಾನ ಮಾಡಿ ಪುಸ್ತಕ ಕೊಡುವಾಗ, ಅಲ್ಲಿ ಬಡವರ ಮಕ್ಕಳು ಯಾರೇ ಇದ್ದರೂ ಅವರ ಜೊತೆ ನಿಲ್ಲು ಎಂದೂ ಹೇಳಿ ಕಳಿಸೋಣ.

ಆ ಉಮ್ಮ ಎಲ್ಲ ಕೇಳಿ, "ಆಯ್ತು ಉಸ್ತಾದ್, ಆದ್ರೂ ಹೆದರಿಕೆ ಆಗ್ತದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ಊರಿಗೆ ಹೋದ ಆ ಇಬ್ಬರು ಮಕ್ಕಳು ವಾಪಸ್ ಬಂದ್ರಾ?"